ತಿಳಿನೀರಿನ ತಪಾಸಣೆ

ಟಿಫನ್ ಡಬ್ಬಿಯ ಮುಚ್ಚಳ ಸಿಮೆಂಟು ನೆಲದ ಮೇಲೆ ಗಿರಗಿರ ತಿರುಗುತ್ತಿದೆ, ಇನ್ನೇನು ನಿಂತಿತು ಅನ್ನುವಾಗ ಇನ್ನೊಂದು ಸುತ್ತು, ಯಾರಾದರೂ ಕಾಲಿಟ್ಟು ನಿಲ್ಲಿಸಬಾರದೆ, ಹಾಂ, ನಿಂತಿತು, ಈಗ ಬೆಳ್ಳುಳ್ಳಿ ಚಟ್ನಿಪುಡಿಯ ವಾಸನೆ, ಚನ್ನಕ್ಕನ ಡಬ್ಬಿಯೇ ಇರಬೇಕು — ಗಂಗರತ್ನ ಕಣ್ಣು ತೆರೆಯಲಿಲ್ಲ. ಔಷಧಿ ಕಾರ್ಖಾನೆಯ ಹೆಂಗಸರ ವಿಶ್ರಾಂತಿ ಕೋಣೆಯ ಚಾಪೆ, ತಲೆಯಡಿಗೆ ಮಡಿಸಿದ ಬಿಳಿ ಕೋಟು, ಊಟದ ಬಿಡುವು ಮುಗಿಯಲು ಇನ್ನು ಮೂವತ್ತೈದು ನಿಮಿಷ, ಅದರಲ್ಲಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬರಬೇಕು, ಬರಲೇಬೇಕು, ಮೂರು ರಾತ್ರಿಯಿಂದ ಮುಚ್ಚದ ಕಣ್ಣುಗಳು ಇವು, ಎರಡು ಗಂಟೆಗೆ ಸೂಪರ್‌ವೈಸರ್ ಗುರುಪಾದಪ್ಪನವರು ಪರೀಕ್ಷೆಯ ಟ್ರೇ ತಂದಿಡುತ್ತಾರೆ, ಇಂಜೆಕ್ಷನ್ ಮದ್ದು ತುಂಬಿದ ಇನ್ನೂರು ಗಾಜಿನ ಆಂಪೂಲು, ಅವುಗಳಲ್ಲಿ ಇಪ್ಪತ್ತು ಬೇಕೆಂದೇ ಸೇರಿಸಿದ ಕಸದವು, ನಾರೋ ಗಾಜಿನ ಚೂರೋ, ಒಂದೊಂದನ್ನೂ ದೀಪದ ಮುಂದೆ ತಲೆಕೆಳಗು ಮಾಡಿ, ಕರಿ ಹಲಗೆಯೆದುರು ಐದು ಎಣಿಸಿ, ಬಿಳಿ ಹಲಗೆಯೆದುರು ಐದು ಎಣಿಸಿ ಆ ಇಪ್ಪತ್ತನ್ನೇ ಆರಿಸಿ ಕೊಡಬೇಕು, ಕೊಟ್ಟರೆ ತಪಾಸಣೆಯ ಬೆಂಚಿನಲ್ಲಿ ಕೆಲಸ ಖಾಯಂ, ಇಲ್ಲವಾದರೆ ಲೇಬಲ್ ಅಂಟಿಸುವ ವಿಭಾಗ, ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿ ಗೋಂದಿನ ಡಬ್ಬಿಯ ಮುಂದೆ ಕೂರುವುದು. ಹೋದ ತಿಂಗಳ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ಹಿಡಿದಿದ್ದಳು, ಅದು ತಪ್ಪಲ್ಲ, ಜೊತೆಗೆ ಏನೂ ಇಲ್ಲದ ಮೂವತ್ತೊಂದನ್ನೂ ಪಕ್ಕಕ್ಕೆ ತೆಗೆದಿಟ್ಟಿದ್ದಳು, ನಿದ್ದೆಗೆಟ್ಟ ಕಣ್ಣಲ್ಲಿ ತೇಲುವ ಕಪ್ಪು ಎಳೆ ಎಲ್ಲ ಆಂಪೂಲಿನೊಳಗೂ ತೇಲುತ್ತಿತ್ತು, ಏನ್ರೀ ಗಂಗರತ್ನಾ, ಹಿಂಗಾದ್ರ ಗಂಗಾಜಲಾನೂ ವಾಪಸ್ ಕಳಸ್ತೀರಲ್ರೀ, ಎಂದು ಗುರುಪಾದಪ್ಪನವರು ನಕ್ಕಿದ್ದರು, ನಗುತ್ತಲೇ ವಹಿಯಲ್ಲಿ ಏನೋ ಬರೆದಿದ್ದರು. ಆದರೆ ಬಿಟ್ಟುಬಿಡುವುದು ಹೇಗೆ, ಆ ಬೆರಳುದ್ದದ ಗಾಜಿನ ನೀರು ಯಾರದೋ ತೋಳಿಗೆ ಹೋಗುವಂಥದ್ದು, ಯಾವುದೋ ಮಗುವಿನ ತೋಳು, ಅದೇ ಯೋಚನೆ, ರಾತ್ರಿ ದಿಂಬಿನ ಮೇಲೆ ತಲೆಯಿಟ್ಟರೆ ಆ ಮಗು ತೋಳು ಚಾಚುತ್ತದೆ, ಬೇಡ, ಈಗ ಅದು ಬೇಡ, ಹೆಬ್ಬೆರಳಿನಿಂದ ಶುರು.

ವರಲಕ್ಷ್ಮಮ್ಮ ಟೀಚರು ಹೇಳಿಕೊಟ್ಟದ್ದು ಹಾಗೆಯೇ, ನಿವೃತ್ತರಾದ ಡ್ರಿಲ್ ಟೀಚರು, ಸಹಕಾರನಗರದ ತಮ್ಮ ಮನೆಯ ವರಾಂಡದಲ್ಲಿ ಭಾನುವಾರ ಹೆಂಗಸರನ್ನೆಲ್ಲ ಸಾಲಾಗಿ ಅಂಗಾತ ಮಲಗಿಸಿ ನಡುವೆ ಓಡಾಡುತ್ತಾರೆ, ಬಲಗಾಲಿನ ಹೆಬ್ಬೆರಳು ಸಡಿಲ ಬಿಡ್ರಮ್ಮಾ, ಅದಕ್ಕೆ ಮಲಗು ಅಂತ ಹೇಳಿ, ಆಮೇಲೆ ಪಾದ, ಆಮೇಲೆ ಮೀನಖಂಡ — ಬಲ ಹೆಬ್ಬೆರಳು ಸಡಿಲ, ಪಾದ ಸಡಿಲ, ಮೀನಖಂಡ, ಇರಲಿ, ಹೆಬ್ಬೆರಳು ಇನ್ನೂ ಸಡಿಲವಾಗಿಯೇ ಇದೆಯೋ, ಒಮ್ಮೆ ನೋಡೋಣ, ನೋಡಿದ್ದೇ ತಡ ಅದು ಬಿಗಿಯಾಯಿತು, ಮತ್ತೆ ಮೊದಲಿನಿಂದ. ಟೀಚರು ಭಾನುವಾರ ಹಿಡಿದುಬಿಟ್ಟಿದ್ದರು, ಗಂಗರತ್ನಾ, ನಿದ್ದೆ ಹೋದ ಮಗೂನ ನಿದ್ದೆ ಬಂತಾ ಅಂತ ಎಬ್ಬಿಸಿ ಕೇಳ್ತಾರೇನಮ್ಮಾ, ಇಡೀ ವರಾಂಡ ನಕ್ಕಿತ್ತು, ಇವಳೂ ಮಲಗಿದಲ್ಲೇ ನಕ್ಕಿದ್ದಳು, ಆದರೆ ಕೈ ಕೇಳಬೇಕಲ್ಲ, ದಿನಕ್ಕೆ ಎರಡು ಸಾವಿರ ಆಂಪೂಲು ತಿರುಗಿಸುವ ಕೈ. ಇತ್ತ ಪಕ್ಕದ ಬೆಂಚಿನ ಸಬೀರಾಳ ದನಿ, ಅರೇ ಚನ್ನಕ್ಕಾ, ಇವಳನ್ನ ನೋಡಿಲ್ಲಿ, ಹುಬ್ಬು ಗಂಟು ಹಾಕ್ಕೊಂಡು ಮಲಗವ್ಳೆ, ನಿದ್ದೆಗೂ ಪರೀಕ್ಷೆ ಇಟ್ಟವ್ರಾ. ಚನ್ನಕ್ಕ ಗದರಿದಳು, ಸುಮ್ನ ಕುಂದ್ರ ನೀ, ಪಾಪ, ಮಲ್ಕೊಳ್ಳಿ. ಮಲ್ಕೊಳ್ಳಿ ಅಂತ್ಲೇ ನಾನೂ ಹೇಳಿದ್ದು, ಎಂದಳು ಸಬೀರಾ. ಸದ್ದಿಲ್ಲದೆ ನಕ್ಕ ಚನ್ನಕ್ಕನ ಬಳೆಯಷ್ಟೇ ಕೇಳಿಸಿತು. ಹುಬ್ಬು ಸಡಿಲ, ಹುಬ್ಬನ್ನು ಮರೆತೇಬಿಟ್ಟಿದ್ದಳಲ್ಲ, ಸರಿ, ಮೈ ಆಗದಿದ್ದರೆ ನೀರು, ಟೀಚರ ಎರಡನೆಯ ಪಾಠ ಅದು, ನಿಮ್ಮ ಮನಸ್ಸಿಗೆ ಹಿಡಿದ ಒಂದು ತಿಳಿನೀರಿನ ಕೆರೆ ನೋಡಿ, ಅಲೆಯಿಲ್ಲ, ಸದ್ದಿಲ್ಲ, ಬರೀ ನೋಡಿ.

ಅಮೃತಹಳ್ಳಿಯ ಕೆರೆ, ಅವಳ ಊರಿನದು, ಬೆಳಗಿನ ಹೊತ್ತು, ಏರಿಯ ಮೇಲೆ ಇಬ್ಬನಿ, ನೀರು ಗಾಜಿನಂತೆ — ಗಾಜು ಅಂದಕೂಡಲೇ ಅಗೋ, ಎಡಗಡೆ ದಡದ ಹತ್ತಿರ ಏನೋ ತೇಲುತ್ತಿದೆ, ಕಪ್ಪು ಚುಕ್ಕೆ, ಹುಲ್ಲಿನ ಎಸಳೋ, ಕೊಕ್ಕರೆಯ ಪುಕ್ಕವೋ, ಬಿಳಿ ಹಲಗೆಯೆದುರು ಒಂದು ಎರಡು ಮೂರು, ಇದೆ, ಪಕ್ಕಕ್ಕಿಡು, ಇನ್ನೊಂದು ಕೆರೆ, ಹೆಬ್ಬಾಳದ್ದು, ಬಸ್ಸಿನ ಕಿಟಕಿಯಿಂದ ದಿನಾ ಕಾಣುವಂಥದ್ದು, ಅದರಲ್ಲಿಯೂ ನಾರು, ಪಕ್ಕಕ್ಕಿಡು, ಜಕ್ಕೂರಿನದು, ಪಕ್ಕಕ್ಕಿಡು, ಟ್ರೇ ತುಂಬ ಕೆರೆಗಳು, ಒಂದೂ ಪಾಸಾಗುವುದಿಲ್ಲ, ಎಷ್ಟು ಹೊತ್ತಾಯಿತು, ಇನ್ನು ಆಗುವುದಿಲ್ಲ, ಎದ್ದು ಕೂತುಬಿಡಲೇ, ಮುಖ ತೊಳೆದು, ಗೋಂದಿನ ಡಬ್ಬಿಯಾದರೆ ಗೋಂದಿನ ಡಬ್ಬಿ, ಕೊನೆಯದಾಗಿ ಮತ್ತೆ ಅಮೃತಹಳ್ಳಿಯದನ್ನೇ ಎತ್ತಿ ಹಿಡಿದಳು, ತಿರುಗಿಸಿದಳು — ಆಗ ಬಲಗಡೆಯ ದಡದಿಂದ ಎಮ್ಮೆ ಇಳಿಯಿತು. ಯಾರೂ ಕರೆದಿರಲಿಲ್ಲ. ದಪ್ಪ ಹೊಟ್ಟೆ, ಒಂದು ಕೊಂಬು ಒಳಕ್ಕೆ ಬಾಗಿದ್ದು, ಅಪ್ಪನದೇ ಎಮ್ಮೆ, ಸತ್ತು ಹತ್ತು ವರ್ಷವಾದ ಎಮ್ಮೆ, ದಡಾರನೆ ಕೆಸರು ಕಲಕಿಕೊಂಡು ಗಾಜನ್ನೆಲ್ಲ ಒಡೆದುಕೊಂಡು ನಡುನೀರಿಗೆ ಹೋಗಿ ಉಸ್ಸೆಂದು ಕೂತೇಬಿಟ್ಟಿತು, ನೀರೆಲ್ಲ ಕಂದು, ಚಹಾದ ಹಾಗೆ, ಇಡೀ ಕೆರೆ ಕಸವೇ, ಇನ್ನು ಇದರಲ್ಲಿ ಯಾವ ನಾರು ಹುಡುಕುವುದು, ಗುರುಪಾದಪ್ಪನವರೇ ಬಂದು ದೀಪ ಹಿಡಿದರೂ ಏನು ಕಂಡೀತು, ಗಂಗರತ್ನಳಿಗೆ ನಗು ಬಂತು, ತುಟಿಯಲ್ಲಿ ಅಲ್ಲ, ಹೊಟ್ಟೆಯೊಳಗೆಲ್ಲೋ, ಹೊಟ್ಟೆ ತಾನಾಗಿ ಸಡಿಲವಾದದ್ದನ್ನು ಅವಳು ನೋಡಲು ಹೋಗಲಿಲ್ಲ.

ಆ ಎಮ್ಮೆ ಹಾಗೆ ಕೂತರೆ ಸಂಜೆಯಾದರೂ ಏಳುತ್ತಿರಲಿಲ್ಲ, ಏಳು ವರ್ಷದ ಇವಳು ಏರಿಯ ಮೇಲೆ ನಿಂತು ಹಾ ಹಾ ಎಂದು ಕೂಗುತ್ತಾಳೆ, ಕಲ್ಲು ಎಸೆಯುತ್ತಾಳೆ, ಕತ್ತಲಾಗ್ತದೆ ಅಪ್ಪಾ, ಅಪ್ಪ ಮುನಿವೆಂಕಟಯ್ಯ ಹುಲ್ಲಿನ ಮೇಲೆ ಕೂತು ಬೀಡಿ ಹಚ್ಚುತ್ತಾನೆ, ನೀನ್ಯಾಕವ್ವ ಇಂಗೆ ಕೂಗ್ತೀಯ, ಅದು ಎದ್ದಾಗ ಏಳ್ತದೆ, ಬಾ ಕುಂತ್ಕೊ, ಕಾಲು ನೋಯ್ತಾವೆ. ಅವಳು ಕೂರುತ್ತಾಳೆ, ಹುಲ್ಲು ತೊಡೆಗೆ ಚುಚ್ಚುತ್ತದೆ, ಬೀಡಿಯ ಹೊಗೆ, ಬಿಸಿಲು ಬೆನ್ನಿಗೆ, ಈ ಕೋಣೆಯ ವೆಂಟಿಲೇಟರಿನಿಂದ ಬೀಳುವ ಬಿಸಿಲೂ ಬೆನ್ನಿಗೆ, ಬೆನ್ನಿಗೆ ಹೇಗೆ, ಅಂಗಾತ ಮಲಗಿದವಳು ಯಾವಾಗ ಮಗ್ಗುಲಾದಳು, ಗೊತ್ತಾಗಲಿಲ್ಲ, ಗೊತ್ತಾಗದಿದ್ದರೆ ಬಿಡು. ಎಲ್ಲೋ ದೂರದಲ್ಲಿ ಸಬೀರಾ, ಮೆಲ್ಲಗೆ, ಉಸಿರು ನೋಡು ಚನ್ನಕ್ಕಾ, ಉದ್ದ ಆಯ್ತು, ಮಾತಾಡ್ಬೇಡ, ಎರಡಕ್ಕೆ ಐದು ನಿಮಿಷ ಇರೋವಾಗ ನಾನೇ ಎಬ್ಬಿಸ್ತೀನಿ, ಯಾರೋ ಬಂದು ಮಡಿಸಿದ ಕೋಟನ್ನು ಕುತ್ತಿಗೆಯ ಕಡೆಗೆ ಸರಿಸಿದರು, ಚಟ್ನಿಪುಡಿಯ ಕೈ, ಕೃತಜ್ಞತೆಯೋ ಏನೋ ಒಂದು ಹೇಳಬೇಕು, ಆಮೇಲೆ, ಇನ್ನೂರು ಆಮೇಲೆ, ಇಪ್ಪತ್ತು ಆಮೇಲೆ, ಕೆಸರು ಇಳಿಯುವುದಾದರೆ ಇಳಿಯಲಿ, ಎಮ್ಮೆಯ ಬೆನ್ನು ಮುಳುಗಿತು, ಕೊಂಬು ಮುಳುಗಿತು, ನೀರಿನ ಮೇಲೆ ಉಳಿದದ್ದು ಎರಡು ಹೊಳ್ಳೆ, ಒದ್ದೆ, ಕಪ್ಪು, ಉಸಿರಿಗೊಮ್ಮೆ ಅಗಲವಾಗಿ, ಮೆಲ್ಲಗೆ ಕಿರಿದಾಗಿ — ಹೊಳ್ಳೆ, ನೀರು, ಹೊಳ್ಳೆ —