ಗೋಡೆಯ ಮೇಲೆ ಕರಿಯಯ್ಯನ ಹೆಸರು

ಮಲೇಷ್ಯಾದ ಆ ಕಡಲ ದಂಡೆಗೆ ಎರಡನೇ ಮಹಾಯುದ್ಧದಲ್ಲಿ ಜಪಾನಿನ ಸೈನ್ಯ ಬಂದಿಳಿದಿತ್ತಂತೆ. ದಂಡೆಯಿಂದ ಕೂಗಳತೆಯಲ್ಲೇ ಸಿಪಾಯಿಗಳ ಸಮಾಧಿಗಳು, ಪಕ್ಕದಲ್ಲಿ ಸತ್ತವರ ಹೆಸರು ಕೆತ್ತಿದ ಉದ್ದನೆಯ ಗೋಡೆ. ಸಂತೆಬಾಚಹಳ್ಳಿಯ ರಂಗಸ್ವಾಮಿ ಗೇಟಿನಲ್ಲೇ ನಿಂತುಬಿಟ್ಟ. ಪಾಂಡವಪುರದಲ್ಲಿ ಟೀಚರಾಗಿದ್ದ ಮಗಳು ಸಹನ ಹಟ ಹಿಡಿದು ಅವನನ್ನು ಕರೆತಂದಿದ್ದಳು. ಇಲ್ಲಿ ಸತ್ತ ಚಿಕ್ಕತಾತ ಕುಳ್ಳಯ್ಯನ ಹೆಸರನ್ನು ಅಪ್ಪ ಒಮ್ಮೆ ನೋಡಲಿ ಎಂದು ಅವಳ ಆಸೆ. ಬೇಡವೆನ್ನಲು ಅವನಿಗೆ ನೆಪ ಸಿಕ್ಕಿರಲಿಲ್ಲ.

ಸಹನ ಗೋಡೆ ಓದಿದಳು, ಕಚೇರಿಯ ರಿಜಿಸ್ಟರೂ ತಿರುವಿದಳು. ಕುಳ್ಳಯ್ಯ ಸಿಗಲಿಲ್ಲ.

"ಅಪ್ಪ, ಇಲ್ಲಿ ಕರಿಯಯ್ಯ ಅಂತೈತೆ. ಊರೂ ನಮ್ದೇ. ಅದು ನಮ್ ತಾತನ ಹೆಸ್ರಲ್ವಾ, ಇಲ್ಯಾಕೆ? ತಾತ ತೀರ್ಕಂಡಾಗ ನಾನು ಹೈಸ್ಕೂಲಲ್ಲಿದ್ದೆ!"

ರಂಗಸ್ವಾಮಿ ಹುಲ್ಲಿನ ಮೇಲೆ ಕೂತ.

"ಅವ್ನೇ ಕಣವ್ವ ನಿನ್ ಚಿಕ್ಕತಾತ. ಮಿಲಿಟ್ರಿಗೆ ಎಸ್ರು ಕೊಟ್ಟಿದ್ದು ನಮ್ಮಪ್ಪ. ಆಮ್ಯಾಕೆ ಮದ್ವೆ ಆಯ್ತು. ಮಿಲಿಟ್ರಿಯೋರು ಕರ್ಕಂಡೋಗಕೆ ಬಂದಾಗ ಅಪ್ಪ ಎದ್ರಕಂಡು ಮೆದೆ ಹಿಂದೆ ಅವಿತ್ಕಂಡ. ಚಿಕ್ಕಪ್ಪ ಮುಂದ್ಬಂದು, 'ನಾನೇ ಕರಿಯಯ್ಯ' ಅಂದ್ಬುಟ್ಟ. ಅದೇ ಎಸ್ರಲ್ಲಿ ಸೇರ್ದ, ಅದೇ ಎಸ್ರಲ್ಲಿ ಸತ್ತ."

"ನಿಂಗ್ಯಾವಾಗ ಗೊತ್ತಾಯ್ತು?"

"ನಮ್ಮಪ್ಪ ಸಾಯೋ ಮುಂಚೆ ಏಳ್ದ. ತಮ್ಮನ ಎಸ್ರು ತಮ್ಮನಿಗೆ ಕೊಡಿಸ್ಬುಡ್ಲಾ ಅಂತ ಕೈ ಇಡ್ಕಂಡ. ನಾನು ಬಾಯ್ಬುಡ್ನಿಲ್ಲ. ಊರೋರು ನಮ್ಮಪ್ಪನ್ನ ಏನಂದಾರು ಅಂತ..."

ಅದಾಗಿ ಮೂವತ್ತು ವರ್ಷ. ಪ್ರತಿ ಪಿತೃಪಕ್ಷದಲ್ಲೂ ಚಿಕ್ಕಪ್ಪನಿಗೊಂದು ಎಲೆ ಹಾಕಿಸುತ್ತಿದ್ದ. ಆ ಎಲೆಯತ್ತ ಮಾತ್ರ ಕಣ್ಣೆತ್ತುತ್ತಿರಲಿಲ್ಲ. ಅವತ್ತು ಅಪ್ಪನೇ ಹೋಗಿದ್ದರೆ ತಾನು ಹುಟ್ಟುತ್ತಲೇ ಇರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

"ಜೀವ ಕೊಟ್ಟೋರ್ಗೆ ಒಂದು ಹೆಸ್ರೂ ಇಲ್ದಂಗೆ ಮಾಡ್ಬುಟ್ರಲ್ಲಪ್ಪ," ಎಂದಳು ಸಹನ.

ಅವನು ಎದ್ದು ಹೋಗಿ ಗೋಡೆಗೆ ಅಂಗೈ ಒತ್ತಿದ. "ಕುಳ್ಳಯ್ಯ! ಚಿಕ್ಕಪ್ಪ, ತಪ್ಪಾಯ್ತು," ಎಂದು ಜೋರಾಗಿಯೇ ಅಂದ. ದೂರದಲ್ಲಿದ್ದವರು ತಿರುಗಿ ನೋಡಿದರು. ಎದೆ ಹಗುರವಾಗಲಿಲ್ಲ.

ಹೆಸರು ತಿದ್ದಲು ಏನು ಮಾಡಬೇಕೆಂದು ಸಹನ ಕಚೇರಿಯಲ್ಲಿ ವಿಚಾರಿಸಿದಳು. ಮನೆಯವರು ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿ ಕೊಟ್ಟರೆ ಮೇಲಿನವರಿಗೆ ಕಳಿಸುತ್ತೇವೆ, ಆಗುತ್ತದೆಂದು ಈಗಲೇ ಹೇಳಲಾರೆವು ಎಂದರು. ರಂಗಸ್ವಾಮಿ ಹೇಳುತ್ತಾ ಹೋದ, ಅವಳು ಇಂಗ್ಲಿಷಿನಲ್ಲಿ ಬರೆಯುತ್ತಾ ಹೋದಳು. ಒಂದೆಡೆ ಪೆನ್ನು ನಿಂತಿತು.

"ಇಷ್ಟು ವರ್ಷ ಯಾಕೆ ತಿಳಿಸ್ನಿಲ್ಲ ಅಂತ ಕೇಳ್ತಾರೆ. ಏನಂತ ಬರೀಲಿ?"

"ಮಗನೂ ಎದ್ರಕಂಡಿದ್ದ ಅಂತ ಬರಿ."

ಸಹನ ಅಪ್ಪನ ಮುಖ ನೋಡದೆ ಹಾಗೆಯೇ ಬರೆದಳು. ರಂಗಸ್ವಾಮಿ ಕೆಳಗೆ ಸಹಿ ಹಾಕಿದ.