ಸುರಂಗದಲ್ಲಿ ಉಳಿದ ತೊಕುಜಿ

ನಮ್ಮ ಕ್ಯೂಶೂ ದ್ವೀಪದ ಕಲ್ಲಿದ್ದಲ ಗಣಿಗಳಲ್ಲಿ ಹೆಣ ಸಾಗಿಸುವಾಗ, ಎಲ್ಲಿಗೆ ಬಂದೆವೆಂದು ಸತ್ತವನಿಗೆ ಕೂಗಿ ಹೇಳುತ್ತಾ ಬರಬೇಕು. ಇಲ್ಲದಿದ್ದರೆ ಆತ್ಮ ದಾರಿಯಲ್ಲೇ ಉಳಿದುಬಿಡುತ್ತದೆ. ಗಣಿಗೆ ನೀರು ನುಗ್ಗಿ ಸತ್ತ ತೊಕುಜಿಯನ್ನು ಕಲ್ಲಿದ್ದಲ ರೈಲಿನಲ್ಲಿ ತಂದಾಗ, ದಾರಿಯ ರೈಲು ಸುರಂಗದಲ್ಲಿ ಹೊಗೆಗೆ ಕೆಮ್ಮು ಹತ್ತಿ ಅವನ ಹೆಂಡತಿ ಶಿನೊಗೆ ಕೂಗಲಾಗಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಗಣಿ ಮುಚ್ಚಿತು. ಹಳಿ ಕೀಳುವ ಮುನ್ನ, ಉಗಿಬಂಡಿಯ ಕೊನೆಯ ಓಡಾಟಕ್ಕೆ ಅವಳೂ ನಮ್ಮೊಂದಿಗೆ ಎಂಜಿನ್ ಹತ್ತಿದಳು.

"ಇಷ್ಟು ವರ್ಷ ಕಾದಿರ್ತಾನಾ ಅಕ್ಕಾ? ಅಲ್ಲೇ ಇನ್ನೊಬ್ಳನ್ನ ಕಟ್ಕೊಂಡಿರ್ತಾನೆ," ಎಂದು ಡ್ರೈವರ್ ಇವಾಕಿಚಿ ನಕ್ಕ.

"ಬಾಯ್ಮುಚ್ಕೊಂಡು ಗಾಡಿ ನಿಲ್ಸೋ."

ಸುರಂಗದ ನಡುವೆ ನಿಲ್ಲಿಸಿದ. "ರೀ, ಸುರಂಗಕ್ಕೆ ಬಂದಿದೀವಿ. ಹತ್ಕೊಳ್ಳಿ, ಮನೆಗೆ ಹೋಗೋಣ," ಎಂದು ಶಿನೊ ಕತ್ತಲಿಗೆ ಕೂಗಿದಳು.

ಯಾರೂ ಕಾಣಲಿಲ್ಲ. ಆದರೆ ಒಲೆಗೆ ಕಲ್ಲಿದ್ದಲು ಎಸೆಯುತ್ತಿದ್ದ ನನ್ನ ತೋಳಿಗೆ ಒದ್ದೆ ಅಂಗಿಯೊಂದು ತಗುಲಿತು.

"ಸ್ವಲ್ಪ ಸರ್ಕೊಳ್ರಪ್ಪಾ," ಎಂದಳು ಶಿನೊ, "ಅವ್ರಿಗೂ ಜಾಗ ಬೇಕಲ್ಲ."

ನನಗಿಂತ ಮೊದಲು ಇವಾಕಿಚಿ ಸರಿದ.