ಬೆಕ್ಕಿಗೆ ಹಾಕಿದ ಹಲ್ವಾ

ಹುಣಸೂರಿನಲ್ಲಿ ಎತ್ತಿನ ಗಾಡಿ ಮಾಡುವ ಬಡಗಿ ನಸೀರ್. ಅವನ ತಾಯಿ ಜಾನ್ ಬೀಗೆ ಸಕ್ಕರೆ ಕಾಯಿಲೆ ಎಂದು ಮೈಸೂರಿನ ಡಾಕ್ಟರು ಹೇಳಿದ ಮೇಲೆ ಅವಳ ತಟ್ಟೆಯ ಮೇಲೆ ಮನೆಯವರ ಕಣ್ಣು ಬಿತ್ತು. ದಿನಾ ಬೆಳಿಗ್ಗೆ ನಸೀರ್ ಸೂಜಿ ಕುದಿಸಿ ತಾಯಿಯ ತೋಳಿಗೆ ಇನ್ಸುಲಿನ್ ಚುಚ್ಚುತ್ತಿದ್ದ. ಅದಕ್ಕೆ ಅವಳು ಹೆದರಲಿಲ್ಲ. ಸಿಹಿ ಬಿಡುವುದೇ ಕಷ್ಟವಾಯಿತು.

ನೆರೆಯವರ ಮನೆಗಳಿಂದ ಹಲ್ವಾ, ಖೀರು ಬರುವುದು ನಿಲ್ಲಲಿಲ್ಲ. ಜಾನ್ ಬೀ ಅದನ್ನು ತನ್ನ ಬೂದುಬಣ್ಣದ ಬೆಕ್ಕು ಸುರ್ಮಾಗೆ ಹಾಕಿ, ಎದುರಿಗೆ ಕೂತು ನೋಡುತ್ತಿದ್ದಳು. ಬೆಕ್ಕು ತುಪ್ಪದ ಆಸೆಗೆ ತಟ್ಟೆಯನ್ನೆಲ್ಲ ನೆಕ್ಕುವಾಗ ಅವಳ ಬಾಯಲ್ಲೂ ನೀರೂರುತ್ತಿತ್ತು.

"ಬೆಕ್ಕಿಗ್ಯಾಕತ್ತೆ ಹಲ್ವಾ?" ಎಂದು ಸೊಸೆ ಜೈನಾಬಿ ಒಮ್ಮೆ ಕೇಳಿದಳು.

"ನನಗಂತೂ ಇಲ್ಲ. ಅದಾದ್ರೂ ತಿನ್ಲಿ ಬುಡು."

ದಪ್ಪಗಾಗಿದ್ದ ಸುರ್ಮಾ ಮಳೆಗಾಲ ಮುಗಿಯುವ ಹೊತ್ತಿಗೆ ಸೊರಗತೊಡಗಿತು. ಯಾವಾಗ ನೋಡಿದರೂ ನೀರಿನ ಬಾನಿಯ ಹತ್ತಿರವೇ ಇರುತ್ತಿತ್ತು. ಹಿತ್ತಲಲ್ಲಿ ಅದು ಉಚ್ಚೆ ಹೊಯ್ದ ಕಡೆ ಇರುವೆಗಳು ಮುತ್ತುತ್ತಿದ್ದವು. ತನ್ನ ಕಾಯಿಲೆ ಗೊತ್ತಾಗುವ ಮೊದಲು ಬಚ್ಚಲಲ್ಲಿ ಹೀಗೇ ಇರುವೆ ಕಂಡಿದ್ದವಳು ಜಾನ್ ಬೀ. ಆದರೂ ಯಾರಿಗೂ ಹೇಳಲಿಲ್ಲ. ಸೊಸೆ ಏಳುವ ಮೊದಲೇ ಎದ್ದು ಆ ಜಾಗಕ್ಕೆ ನೀರು ಸುರಿದು ಬರುತ್ತಿದ್ದಳು.

ಒಂದು ದಿನ ಸುರ್ಮಾ ಅವಳ ಮಂಚಕ್ಕೆ ನೆಗೆಯಲು ಹೋಗಿ ನೆಲಕ್ಕೆ ಬಿತ್ತು. ಅದರ ಹಿಂಗಾಲುಗಳಲ್ಲಿ ಬಲವೇ ಇರಲಿಲ್ಲ. ಆಗ ಅವಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ಮಗನ ಜೊತೆ ದನದ ಆಸ್ಪತ್ರೆಗೆ ಹೋದಳು.

ಡಾಕ್ಟರ್ ಮಹದೇವಯ್ಯನವರು ಬೆಕ್ಕಿನ ಉಚ್ಚೆ ಹಿಡಿಸಿ, ನೀಲಿ ಔಷಧದ ಜೊತೆ ಕಾಯಿಸಿದರು. ನೀಲಿ ಹೋಗಿ ಇಟ್ಟಿಗೆ ಬಣ್ಣ ಬಂತು; ಉಚ್ಚೆಯಲ್ಲಿ ಸಕ್ಕರೆ ಇದ್ದರೆ ಹಾಗಾಗುತ್ತದೆ.

"ನಿಮ್ಮ ಕಾಯಿಲೇನೇ ಕಣಮ್ಮ ಇದಕ್ಕೂ," ಎಂದರು. "ಸಿಹಿ ಏನಾರ ಹಾಕ್ತಿದ್ರಾ?"

"ಬೆಕ್ಕಿಗ್ಯಾರು ಸ್ವಾಮಿ ಸಿಹಿ ಹಾಕ್ತಾರೆ?" ಎಂದು ನಸೀರ್ ನಕ್ಕ. ಜಾನ್ ಬೀ ತಲೆ ತಗ್ಗಿಸಿಕೊಂಡು ಬೆಕ್ಕಿನ ಬೆನ್ನು ಸವರುತ್ತಿದ್ದಳು.

ಅನ್ನ, ಹಾಲು ನಿಲ್ಲಿಸಿ ಬರೀ ಮೀನು, ಮಾಂಸ ಹಾಕುವಂತೆ ಡಾಕ್ಟರು ಹೇಳಿದರು. ಇನ್ಸುಲಿನ್ ಕೊಟ್ಟು ನೋಡಬಹುದು, ಆದರೆ ಒಂದೇ ತೊಟ್ಟು, ಅದೂ ಹೊಟ್ಟೆ ತುಂಬ ತಿಂದ ಮೇಲೆ. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ಜೀವಕ್ಕೆ ಅಪಾಯ ಎಂದರು.

"ಯುದ್ಧ ಸುರುವಾದ್ಮೇಲೆ ವಿಲಾಯ್ತಿಯಿಂದ ಬರೋ ಈ ಔಷಧಿ ಸೀಸೆ ಸಿಕ್ಕೋದೇ ಕಷ್ಟ," ಎಂದು ದಾರಿಯಲ್ಲಿ ನಸೀರ್ ಗೊಣಗಿದ. "ನಿನಗೇ ಸಾಲ್ದೆ ಬಂದ್ರೆ?"

"ನನ್ನ ಪಾಲಿನಲ್ಲೇ ಕೊಡೋ."

ತಾಯಿಯ ಮುಖ ನೋಡಿ ಅವನು ಒಪ್ಪಿದ. ಜೈನಾಬಿ ಲಕ್ಷ್ಮಣತೀರ್ಥ ಹೊಳೆಯ ಮೀನು ತರಿಸಿ ಬೇಯಿಸಿ ಹಾಕುತ್ತಿದ್ದಳು. ತಿಂದು ಮುಗಿಸಿದ ಮೇಲೆ ನಸೀರ್ ಬೆಕ್ಕಿನ ಕತ್ತಿನ ಚರ್ಮ ಎತ್ತಿ ಚುಚ್ಚುತ್ತಿದ್ದ. ಕ್ರಮೇಣ ಸುರ್ಮಾ ಕಾಲ ಮೇಲೆ ನಿಲ್ಲತೊಡಗಿತು.

ಒಂದು ಬೆಳಿಗ್ಗೆ ನಸೀರ್ ಚಕ್ರ ಜೋಡಿಸಿಕೊಡಲು ಕಟ್ಟೆಮಳಲವಾಡಿಗೆ ಹೊರಟ. ಬೆಕ್ಕು ಮೀನನ್ನು ಮೂಸಿ ನೋಡಿ ದೂರ ಹೋಗಿತ್ತು. "ತಿನ್ನದಿದ್ರೆ ಇವತ್ತು ಸೂಜಿ ಬೇಡ," ಎಂದು ಹೇಳಿ ಹೋದ. ಒಂದು ದಿನ ತಪ್ಪಿದರೆ ಮತ್ತೆ ಕಾಲು ಬಿದ್ದುಹೋದೀತು ಎಂಬ ಭಯ ಜಾನ್ ಬೀಗೆ. ಸೊಸೆ ನೀರಿಗೆ ಹೋದಾಗ ತಾನೇ ಸೂಜಿ ತೆಗೆದುಕೊಂಡಳು. ಕಣ್ಣು ಮಂಜು. ಎಷ್ಟು ಔಷಧ ಬಂತೆಂದು ಕಾಣಲಿಲ್ಲ. ಆದರೂ ಚುಚ್ಚಿದಳು.

ಜೈನಾಬಿ ಕೊಡ ಇಳಿಸುವಾಗ ಸುರ್ಮಾ ನೆಲದ ಮೇಲೆ ಅಡ್ಡಬಿದ್ದು ಅದುರುತ್ತಿತ್ತು.

"ನಾನೇ ಚುಚ್ಚಿದ್ದು," ಎಂದಳು ಜಾನ್ ಬೀ. "ಏನೂ ತಿಂದಿರ್ಲಿಲ್ಲ."

ಮೈಯಲ್ಲಿ ಸಕ್ಕರೆ ತೀರಾ ಇಳಿದಿದೆಯೆಂದು ಜೈನಾಬಿ ಬೆಲ್ಲ ಕದಡಿ, ಬೆರಳಿನಿಂದ ಅದರ ಒಸಡಿಗೆ ಸವರಿದಳು. ಮತ್ತೆ ಮತ್ತೆ ಸವರಿದಳು. ಜಾನ್ ಬೀ ಗೋಡೆಗೆ ಒರಗಿ, ತನಗೆ ಗೊತ್ತಿದ್ದ ಪ್ರಾರ್ಥನೆಯೂ ನೆನಪಾಗದೆ ಕೂತಿದ್ದಳು. ಬಹಳ ಹೊತ್ತಿನ ಮೇಲೆ ಅದುರುವುದು ನಿಂತು, ಬೆಕ್ಕು ನಾಲಿಗೆ ಆಡಿಸಿತು.

ಸಂಜೆ ಮಗ ಬಂದಾಗ ಅವಳು ಎಲ್ಲವನ್ನೂ ಹೇಳಿದಳು. ಸೂಜಿಯದು, ಹಲ್ವಾದ್ದು, ಇರುವೆಗಳ ಮೇಲೆ ನೀರು ಸುರಿದದ್ದು.

"ನನ್ನ ಬಾಯಿಗಿಲ್ದಿದ್ದನ್ನ ಅದ್ರ ಬಾಯಿಗೆ ಹಾಕಿ ನೋಡ್ತಾ ಕೂತಿದ್ದೆ ಕಣೋ."

ನಸೀರ್ ಕಾಲು ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತ. "ಮೊದ್ಲೇ ಹೇಳಿದ್ರೆ ನಾನೇನು ಬೈತಿದ್ನಾ?"

"ಬೈದಿದ್ರೆ ಚೆನ್ನಾಗಿತ್ತು," ಎಂದಳು.

ಚಳಿಗಾಲ ಕಳೆಯುವಷ್ಟರಲ್ಲಿ ಮಹದೇವಯ್ಯನವರು ಕಾಯಿಸಿದ ಔಷಧ ನೀಲಿಯಾಗಿಯೇ ಉಳಿಯಿತು. ಕೆಲವು ಬೆಕ್ಕುಗಳಿಗೆ ಹೀಗೂ ವಾಸಿಯಾಗುತ್ತದೇನೋ ಎಂದು ಅವರು ಸೂಜಿ ನಿಲ್ಲಿಸಿದರು. ಸುರ್ಮಾ ಮನೆಯ ಸೂರು ಹತ್ತಿ ಗುಬ್ಬಚ್ಚಿ ಹಿಡಿಯುವಷ್ಟು ಗಟ್ಟಿಯಾಯಿತು.

ಆದರೆ ಜಾನ್ ಬೀ ಸೂಜಿ ಚುಚ್ಚಿದ ದಿನದಿಂದ ಅದು ಜಾನ್ ಬೀಯ ಮಂಚಕ್ಕೆ ಬರಲೇ ಇಲ್ಲ. ಜೈನಾಬಿಯ ಕಾಲ ಬಳಿಯೇ ಮಲಗುತ್ತಿತ್ತು. ಸೊಸೆಗೆ ಪಾಪ ಅನ್ನಿಸಿ, ಒಂದು ಮಧ್ಯಾಹ್ನ ಅದನ್ನು ಎತ್ತಿ ತಂದು ಅತ್ತೆಯ ಮಡಿಲಲ್ಲಿ ಬಿಟ್ಟಳು. ಅದು ಮೈ ಬಿಗಿಹಿಡಿದು ಬಾಗಿಲ ಕಡೆ ನೋಡಿತು. ಜಾನ್ ಬೀ ಎತ್ತಿದ್ದ ಕೈಯನ್ನು ಅದರ ಮೇಲೆ ಇಡದೆ ಹಿಂದಕ್ಕೆ ತೆಗೆದುಕೊಂಡಳು.

"ಹಿಡ್ಕೋಬೇಡ ಕಣಮ್ಮ," ಎಂದಳು ಸೊಸೆಗೆ. "ಹೋಗೋದಾದ್ರೆ ಹೋಗ್ಲಿ."

ಬೆಕ್ಕು ಇಳಿದು ಹೋಯಿತು.